ನುಂಗಲು ಕಷ್ಟಪಡುವ ಹಿರಿಯರಿಗೆ ಪೌಷ್ಟಿಕ ಪಾನೀಯ: ಹದ ಅಳೆದು ಮಾಡುವ ಕ್ರಮ

"ಗಂಜಿ ಮಂದವಾಗಿಯೇ ಮಾಡಿದ್ದೆವು, ಆದರೂ ಕುಡಿಯುವಾಗ ಕೆಮ್ಮು." "ನಿನ್ನೆ ಸರಿಯಾಗಿ ಕುಡಿದರು, ಇವತ್ತು ಅದೇ ಗಂಜಿ ನೆತ್ತಿಗೆ ಹತ್ತಿತು." "ದಿನಕ್ಕೆ ಐದು ಲೋಟ ಕುಡೀತಾರೆ, ತೂಕ ಮಾತ್ರ ಇಳೀತಾನೇ ಇದೆ."

ಲಕ್ವ ಹೊಡೆದವರು, ಪಾರ್ಕಿನ್‌ಸನ್ ಇರುವವರು, ಮರೆವಿನ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಈ ಮೂರು ಮಾತುಗಳಲ್ಲಿ ಒಂದಾದರೂ ನಿಮ್ಮದೇ ಆಗಿರುತ್ತದೆ. ಮೊದಲನೆಯದಕ್ಕೆ ಕಾರಣ, ಹದವನ್ನು ಅಳೆಯದೆ ಕಣ್ಣಂದಾಜಲ್ಲಿ ಬಿಟ್ಟದ್ದು. ಎರಡನೆಯದಕ್ಕೆ, ಮಾಡಿದ ಮೇಲೆ ಹದ ಬದಲಾದದ್ದು. ಮೂರನೆಯದಕ್ಕೆ, ಲೋಟದಲ್ಲಿ ನೀರು ಮತ್ತು ಸ್ವಲ್ಪ ಹಿಟ್ಟು ಬಿಟ್ಟರೆ ಬೇರೇನೂ ಇಲ್ಲದ್ದು. ಮೂರಕ್ಕೂ ಪರಿಹಾರ ಕೆಲಸದ ಕ್ರಮದಲ್ಲಿದೆ: ಮೊದಲು ಎಷ್ಟು ಮಂದ ಬೇಕು ಎಂದು ತಿಳಿಯಬೇಕು, ಆಮೇಲೆ ಪೋಷಣೆ ಸೇರಿಸಬೇಕು, ಕುಡಿಸುವ ಮುಂಚೆ ಅಳೆಯಬೇಕು. ಅಳತೆಯ ನಂತರ ಏನನ್ನೂ ಸೇರಿಸಬಾರದು. ಒಂದು ಚಮಚ ತುಪ್ಪ ಕೂಡ.

ಹಂತ 1: ಎಷ್ಟು ಮಂದ ಬೇಕು ಎಂದು ಮೊದಲು ತಿಳಿದುಕೊಳ್ಳಿ

ಇದನ್ನು ನೀವು ಮನೆಯಲ್ಲಿ ನಿರ್ಧರಿಸಬೇಡಿ. ನುಂಗುವ ಪರೀಕ್ಷೆ ಮಾಡುವವರು ವಾಕ್ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟ್‌ಗಳು. ಮಾತಿನ ಡಾಕ್ಟರಿಗೂ ನುಂಗುವುದಕ್ಕೂ ಏನು ಸಂಬಂಧ ಎಂದು ಕೇಳುವವರು ತುಂಬಾ ಜನ. ಮಾತಿಗೂ ನುಂಗುವುದಕ್ಕೂ ಕೆಲಸ ಮಾಡುವುದು ಅದೇ ನಾಲಿಗೆ, ಅದೇ ಗಂಟಲು, ಅದಕ್ಕೇ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಜ್ಞರಿದ್ದಾರೆ. ದೊಡ್ಡ ಆಸ್ಪತ್ರೆಗಳ ನರರೋಗ ವಿಭಾಗದಲ್ಲಿ ಅಥವಾ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ.

ಅವರ ಹತ್ತಿರ "ಗಟ್ಟಿ ಕೊಡಿ" ಎಂಬ ಮಾತಿಗಷ್ಟೇ ಒಪ್ಪಿ ಬರಬೇಡಿ. ಐಡಿಡಿಎಸ್‌ಐ (IDDSI, ನುಂಗಲು ಕಷ್ಟಪಡುವವರ ಆಹಾರ-ಪಾನೀಯದ ಹದ ಹೇಳುವ ಅಂತರರಾಷ್ಟ್ರೀಯ ಅಳತೆ) ಲೆಕ್ಕದಲ್ಲಿ ಯಾವ ಮಟ್ಟ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಈ ಅಳತೆಯಲ್ಲಿ ಪಾನೀಯಕ್ಕೆ 0ಯಿಂದ 4ರವರೆಗೆ ಐದು ಮಟ್ಟಗಳಿವೆ. 0 ಅಂದರೆ ನೀರು. 1 ನೀರಿಗಿಂತ ಚೂರು ಮಂದ. 2 ಲೋಟದಿಂದ ಗುಟುಕರಿಸಬಹುದಾದಷ್ಟು ಮಂದ. 3 ಅಂದರೆ ಚಮಚದಲ್ಲೂ ಕೊಡಬಹುದು, ಲೋಟದಿಂದ ಸ್ವಲ್ಪ ಕಷ್ಟಪಟ್ಟು ಕುಡಿಯಲೂಬಹುದು. 4ಕ್ಕೆ ಚಮಚವೇ ಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು, ಜಾಸ್ತಿ ಮಂದವಾದಷ್ಟೂ ಒಳ್ಳೆಯದು ಅಂದುಕೊಳ್ಳುವುದು. ನೀರು ವೇಗವಾಗಿ ಜಾರುವುದರಿಂದ ಗಂಟಲು ಮುಚ್ಚಿಕೊಳ್ಳುವಷ್ಟರಲ್ಲಿ ಶ್ವಾಸನಾಳಕ್ಕೆ ನುಗ್ಗುತ್ತದೆ ನಿಜ. ಆದರೆ ನಾಲಿಗೆಗೂ ಗಂಟಲಿಗೂ ಬಲ ಕಮ್ಮಿ ಇರುವವರಿಗೆ ತೀರಾ ಮಂದವಾದದ್ದನ್ನು ಕೊಟ್ಟರೆ ಅದು ಪೂರ್ತಿ ಒಳಗೆ ಇಳಿಯದೆ ಗಂಟಲಲ್ಲೇ ಅಂಟಿಕೊಂಡು ಉಳಿಯುತ್ತದೆ, ಅವರು ಮಲಗಿದ ಮೇಲೆ ನಿಧಾನಕ್ಕೆ ಶ್ವಾಸನಾಳಕ್ಕೆ ಜಾರುತ್ತದೆ. 2 ಹೇಳಿದ್ದರೆ 2 ಕೊಡಿ. "ಇರಲಿ, ಸೇಫ್ ಆಗಿರಲಿ" ಎಂದು 4 ಮಾಡಬೇಡಿ.

ಇನ್ನೊಂದು ಮಾತು. ಕೆಮ್ಮು ಬಂದಿಲ್ಲ ಅಂದರೆ ಸರಿಯಾಗಿ ನುಂಗಿದರು ಎಂದು ಅರ್ಥ ಅಲ್ಲ. ಕೆಲವರಿಗೆ ಶ್ವಾಸನಾಳಕ್ಕೆ ಹೋದರೂ ಕೆಮ್ಮು ಬರುವುದೇ ಇಲ್ಲ, ಅಲ್ಲಿನ ಸ್ಪರ್ಶವೇ ಕುಂದಿರುತ್ತದೆ. ಪರೀಕ್ಷೆ ಬೇಕು ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಬಾಯಿಂದ ಏನೂ ಕೊಡಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರೆ ಈ ಬರಹದಲ್ಲಿರುವ ಯಾವುದನ್ನೂ ಮಾಡಬೇಡಿ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ಗ್ರಾಂ ತೋರಿಸುವ ಅಡುಗೆ ತಕ್ಕಡಿ ಬೇಕೇ ಬೇಕು. ಚಮಚದ ಲೆಕ್ಕ ನಂಬಬೇಡಿ. ಅಮ್ಮ ತುಂಬುವ ಚಮಚ ಒಂದು ಥರ, ಕೆಲಸದವರು ತುಂಬುವ ಚಮಚ ಇನ್ನೊಂದು ಥರ. "ನಿನ್ನೆ ಸರಿಯಿತ್ತು, ಇವತ್ತು ಇಲ್ಲ" ಎನ್ನುವುದಕ್ಕೆ ಬಹಳ ಸಲ ಇಷ್ಟೇ ಕಾರಣ.

ಮಿಲಿ ಗುರುತಿರುವ ಲೋಟ, ಮಿಕ್ಸಿ, ಸಣ್ಣ ಕಣ್ಣಿನ ಸ್ಟೀಲ್ ಜರಡಿ, ತೆಳು ಮಲ್ಲು ಬಟ್ಟೆ, ಮೊಬೈಲಿನ ಟೈಮರ್ ಇಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ 10 ಮಿಲಿಯ ಸಿರಿಂಜ್ ತನ್ನಿ, ಸೂಜಿ ಬೇಡ. ಅದರ ಮೂತಿ ಸಾದಾ ಇರಬೇಕು, ಸೂಜಿ ತಿರುಗಿಸಿ ಕೂರಿಸುವ ತಿರುಪು ಇರುವ ಸಿರಿಂಜ್ ಬೇಡ. ತಂದ ಮೇಲೆ ಸ್ಕೇಲ್ ಹಿಡಿದು 0 ಗೆರೆಯಿಂದ 10 ಗೆರೆಯವರೆಗಿನ ಉದ್ದ ನೋಡಿ. ಅದು 61.5 ಮಿಲಿಮೀಟರ್ ಇರಬೇಕು, ಅಂದರೆ 6 ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಉದ್ದ ಬೇರೆ ಇರುವ ಸಿರಿಂಜಿನಲ್ಲಿ ಉತ್ತರವೂ ಬೇರೆ ಬರುತ್ತದೆ, ಹಾಗಾಗಿ ಬೇರೆ ಕಂಪನಿಯದು ನೋಡಿ.

ಕೊನೆಗೆ, ನೀರು-ಕಾಫಿಯನ್ನು ಮಂದ ಮಾಡುವ ಪುಡಿ. ಇದರಲ್ಲಿ ಎರಡು ಜಾತಿ. ಒಂದು ಪಿಷ್ಟದ್ದು, ಅಂದರೆ ಮೆಕ್ಕೆಜೋಳದ ಹಿಟ್ಟಿನಂಥದ್ದು (ಕಾರ್ನ್‌ಫ್ಲೋರ್). ಇನ್ನೊಂದು ಜಾಂಥನ್ ಗಮ್ ಎಂಬ ಅಂಟಿನದು. ಡಬ್ಬಿಯ ಹಿಂದೆ ಬರೆದಿರುತ್ತದೆ, ಓದಿ ಜಾಂಥನ್ ಗಮ್ ಇರುವುದನ್ನೇ ತನ್ನಿ. ಯಾಕೆ ಅನ್ನುವುದು 7ನೇ ಹಂತದಲ್ಲಿದೆ.

ಇಸಬ್‌ಗೋಲ್ ಮತ್ತು ಕಾಮಕಸ್ತೂರಿ ಬೀಜ ಹಾಕಿ ಮಂದ ಮಾಡಲು ಹೋಗಬೇಡಿ. ಇಸಬ್‌ಗೋಲ್ ನೀರು ಹೀರುತ್ತಾ ಗಂಟಲಲ್ಲೇ ಉಬ್ಬಿ ಸಿಕ್ಕಿಹಾಕಿಕೊಳ್ಳಬಹುದು. ಕಾಮಕಸ್ತೂರಿಯಲ್ಲಿ ಜಾರುವ ಬೀಜ ಒಂದು ಕಡೆ, ತೆಳು ನೀರು ಇನ್ನೊಂದು ಕಡೆ, ಎರಡೂ ಒಟ್ಟಿಗೆ ಬಾಯಿಗೆ ಹೋಗುತ್ತವೆ.

ಹಂತ 3: ಮೂಲ ಗಂಜಿ ಮಾಡಿ

ನಮ್ಮ ಮನೆಗಳಲ್ಲಿ ರಾಗಿ ಇದ್ದೇ ಇರುತ್ತದೆ, ಹಿರಿಯರ ಬಾಯಿಗೆ ಅದರ ರುಚಿ ಗೊತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಯಾವ ರಾಗಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಸಾದಾ ರಾಗಿ ಹಿಟ್ಟು ಬೇಯಿಸಿದಾಗ ಚೆನ್ನಾಗಿ ಮಂದವಾಗುತ್ತದೆ. ತೊಂದರೆ ಅಂದರೆ ಸಿಪ್ಪೆಯ ತರಿ. ಮಿಲ್ಲಿನಿಂದ ಬಂದ ಹಿಟ್ಟನ್ನು ಹಾಗೇ ಹಾಕಿದರೆ ಆ ತರಿ ಗಂಟಲಲ್ಲಿ ಕೂತು ಕೆಮ್ಮು ಬರಿಸುತ್ತದೆ. ಪಾತ್ರೆಯ ಬಾಯಿಗೆ ಮಲ್ಲು ಬಟ್ಟೆ ಕಟ್ಟಿ, ಮಗುವಿನ ರಾಗಿ ಸರಿಗೆ ಮಾಡುತ್ತಾರಲ್ಲ, ಹಾಗೆ ವಸ್ತ್ರಗಾಳಿ ಮಾಡಿ.

ಅದಕ್ಕಿಂತ ನುಣ್ಣಗೆ ಬೇಕಾದರೆ ರಾಗಿ ಹಾಲು ತೆಗೆಯಿರಿ. ರಾತ್ರಿ ನೆನೆಹಾಕಿದ ರಾಗಿಯನ್ನು ಬೆಳಿಗ್ಗೆ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಬರುವ ಬಿಳಿ ಹಾಲನ್ನು ಕುದಿಸಿದರೆ ರೇಷ್ಮೆಯ ಹಾಗೆ ನುಣುಪಾದ ಗಂಜಿ. ಹಾಲುಬಾಯಿ, ಮಣ್ಣಿ ಮಾಡುವ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಇದರಲ್ಲಿ ಪಿಷ್ಟ ದಿನದಿನಕ್ಕೆ ಹೆಚ್ಚು ಕಮ್ಮಿ ಬರುತ್ತದೆ, ಪ್ರತಿ ಸಲ ಅಳೆಯಲೇಬೇಕು.

ಮೊಳಕೆ ರಾಗಿಯ ಹಿಟ್ಟು, ಅಂದರೆ ರಾಗಿ ಮಾಲ್ಟ್, ಬೇರೆಯೇ ಕಥೆ. ಮೊಳಕೆ ಬರುವಾಗ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸುತ್ತದೆ. ನಿಧಾನ ಬಿಸಿಯಲ್ಲಿ ಕಲಕುತ್ತಾ ಹೋದಂತೆ ಮಂದವಾಗಿದ್ದ ಗಂಜಿ ನಿಮ್ಮ ಕಣ್ಣೆದುರೇ ತೆಳ್ಳಗಾಗುತ್ತದೆ. ಮಾಲ್ಟ್ ಒಳ್ಳೆಯದು ಎಂದು ಕೇಳಿ ಸಾದಾ ಹಿಟ್ಟಿನ ಬದಲು ಅಷ್ಟೇ ಮಾಲ್ಟ್ ಹಾಕಿದವರಿಗೆ ಗಂಜಿ ನೆತ್ತಿಗೆ ಹತ್ತುವುದು ಇದೇ ಕಾರಣಕ್ಕೆ. ಹಾಗಂತ ಬಿಟ್ಟುಬಿಡಬೇಕಿಲ್ಲ. ಅದೇ ಹದಕ್ಕೆ ಜಾಸ್ತಿ ಹಿಟ್ಟು ಹಿಡಿಯುವುದರಿಂದ ಒಂದು ಲೋಟದಲ್ಲಿ ಜಾಸ್ತಿ ಶಕ್ತಿ ಹೋಗುತ್ತದೆ. ಚೆನ್ನಾಗಿ ಕುದಿಸಿದರೆ ಕಿಣ್ವದ ಕೆಲಸ ನಿಲ್ಲುತ್ತದೆ, ಆಮೇಲೆ ಹದ ಅಷ್ಟಾಗಿ ಅಲುಗಾಡುವುದಿಲ್ಲ. ಹೊಸಬರು ಮೊದಲು ಸಾದಾ ಹಿಟ್ಟಿನಲ್ಲಿ ಕೈ ಪಳಗಿಸಿಕೊಳ್ಳಿ.

ಹುರಿಹಿಟ್ಟು ಕಲಸಿದ ಮೇಲೂ ನೀರು ಹೀರುತ್ತಾ ಹೋಗುತ್ತದೆ. ಬಳಸುವುದಾದರೆ ಕಲಸಿ 10 ನಿಮಿಷ ಬಿಟ್ಟು ಅಳೆಯಿರಿ.

ಈಗ ಅಳತೆ. ವಸ್ತ್ರಗಾಳಿ ಮಾಡಿದ ಸಾದಾ ರಾಗಿ ಹಿಟ್ಟು 15 ಗ್ರಾಂ, ತಣ್ಣೀರು 50 ಮಿಲಿ, ಹಾಲು 200 ಮಿಲಿ. ಇದು ಶುರು ಮಾಡಲಿಕ್ಕೆ ಮಾತ್ರ. ನಿಮ್ಮ ಹಿಟ್ಟಿಗೆ, ನಿಮಗೆ ಹೇಳಿರುವ ಮಟ್ಟಕ್ಕೆ ತಕ್ಕಂತೆ ಇದು ಬದಲಾಗುತ್ತದೆ.

ಹಿಟ್ಟನ್ನು ತಣ್ಣೀರಲ್ಲೇ ಕಲಸಿ. ಬಿಸಿ ಹಾಲಿಗೆ ಒಣ ಹಿಟ್ಟು ಉದುರಿಸಿದರೆ ಗಂಟು ಕಟ್ಟುತ್ತದೆ, ಹೊರಗೆ ಬೆಂದಂತೆ ಕಂಡರೂ ಆ ಗಂಟಿನೊಳಗೆ ಒಣ ಹಿಟ್ಟು ಹಾಗೇ ಇರುತ್ತದೆ. ಹಾಲು ಕುದಿ ಬಂದ ಮೇಲೆ ಕಲಸಿದ್ದನ್ನು ಸುರಿದು, ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಕೈಬಿಡದೆ ತಿರುವಿ. ಹಸಿ ವಾಸನೆ ಹೋಗಿ ಗಂಜಿ ಹೊಳೆಯಲು ಶುರುವಾದಾಗ ಬೆಂದಿದೆ ಎಂದು ತಿಳಿಯಿರಿ. ಅರೆಬೆಂದ ಹಿಟ್ಟು ಮೊದಲು ತೆಳ್ಳಗಿದ್ದು, ಬಿಸಿಗೆ ಆಮೇಲೆ ಮಂದವಾಗುತ್ತದೆ. ಆಗ ಯಾವ ಅಳತೆಯೂ ನಿಲ್ಲುವುದಿಲ್ಲ.

ಹಂತ 4: ಪೋಷಣೆ ಸೇರಿಸಿ

ಲೆಕ್ಕ ನೋಡಿ. 15 ಗ್ರಾಂ ರಾಗಿಯನ್ನು ಬರೀ ನೀರಲ್ಲಿ ಕಾಯಿಸಿದ ಅಂಬಲಿಯಲ್ಲಿ ಸುಮಾರು 50 ಕ್ಯಾಲೊರಿ, 1 ಗ್ರಾಂ ಪ್ರೋಟೀನ್. ಅದೇ ರಾಗಿಯನ್ನು 200 ಮಿಲಿ ಹಾಲಲ್ಲಿ ಕಾಯಿಸಿ, 15 ಗ್ರಾಂ ಕೆನೆರಹಿತ ಹಾಲಿನ ಪುಡಿ, ಒಂದು ಟೀ ಚಮಚ ತುಪ್ಪ, ಎರಡು ಟೀ ಚಮಚ ಬೆಲ್ಲ ಹಾಕಿದರೆ ಸುಮಾರು 300 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಲೋಟ ಒಂದೇ, ನುಂಗುವ ಶ್ರಮ ಒಂದೇ. ಒಂದು ಲೋಟಕ್ಕೆ ಅರ್ಧ ಗಂಟೆ ಒದ್ದಾಡುವವರಿಗೆ ಆ ಶ್ರಮಕ್ಕೆ ತಕ್ಕದ್ದು ಸಿಗಬೇಕು, ಅಲ್ವಾ?

ಹಿರಿಯರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವ ಅಜ್ಜಿಗೆ 50 ಗ್ರಾಂ. ಅಂಬಲಿ, ಗಂಜಿ ನೀರು, ಬೇಳೆ ಕಟ್ಟು ಇಷ್ಟರಲ್ಲಿ ಅದು ಖಂಡಿತ ಆಗುವುದಿಲ್ಲ. ಬೇಳೆ ಕಟ್ಟಿನ ಬಗ್ಗೆ ಬೇಸರದಿಂದಲೇ ಹೇಳುತ್ತೇನೆ: ಎಷ್ಟೋ ಮನೆಗಳಲ್ಲಿ ಮೇಲಿನ ತಿಳಿಯನ್ನು ಹುಷಾರಿಲ್ಲದವರಿಗೆ ಕೊಟ್ಟು, ಕೆಳಗಿನ ಬೇಳೆಯನ್ನು ಉಳಿದವರು ಸಾರು ಮಾಡಿಕೊಳ್ಳುತ್ತಾರೆ. ಪ್ರೋಟೀನ್ ಇರುವುದು ಆ ಬೇಳೆಯಲ್ಲಿ. ಹೆಸರುಬೇಳೆಯನ್ನು ಕರಗುವ ಹಾಗೆ ಬೇಯಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸೋಸಿ, ಉಪ್ಪು-ತುಪ್ಪ ಹಾಕಿ ಕೊಡಿ. ಸಾಸಿವೆ, ಕರಿಬೇವು, ಜೀರಿಗೆಯ ಒಗ್ಗರಣೆ ಬೇಡ. ಪರಿಮಳ ಬೇಕಾದರೆ ಜೀರಿಗೆಯನ್ನು ತುಪ್ಪದಲ್ಲಿ ಬಾಡಿಸಿ, ತುಪ್ಪವನ್ನು ಮಾತ್ರ ಸೋಸಿ ಹಾಕಿ. ಮೆಣಸಿನ ಪುಡಿ, ಕಾಳುಮೆಣಸು ಗಂಟಲು ಕೆರಳಿಸುತ್ತವೆ.

ಒಂದೊಂದರ ಗುಣವೂ ಬೇರೆ. ಹಾಲಿನ ಪುಡಿಯನ್ನು ಸ್ವಲ್ಪ ನೀರಲ್ಲಿ ಕರಗಿಸಿ ಹಾಕಿ. ಬೆಲ್ಲವನ್ನು ಪಾಕ ಮಾಡಿ ಸೋಸಿ, ಗಂಜಿ ಇಳಿಸಿ ಬಿಸಿ ಸ್ವಲ್ಪ ಆರಿದ ಮೇಲೆ ಬೆರೆಸಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆದು ಸಣ್ಣ ಸಣ್ಣ ತುಣುಕಾಗುತ್ತದೆ, ಆ ಲೋಟ ಹಿರಿಯರಿಗೆ ಬೇಡ. ತುಪ್ಪ ಬಿಸಿ ಇರುವಾಗಲೇ ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಇಲ್ಲದಿದ್ದರೆ ಮೇಲೆ ತೇಲಿಕೊಂಡು ಬೇರೆಯೇ ಇರುತ್ತದೆ. ಬಾದಾಮಿ ಹಾಕುವುದಾದರೆ ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಹಾಲಿನ ಜೊತೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ಒಣ ಬಾದಾಮಿ ಪುಡಿಯನ್ನು ಮೇಲೆ ಉದುರಿಸುವ ಅಭ್ಯಾಸ ಬಿಡಿ. ಹುರಿಗಡಲೆಯಲ್ಲೂ ಒಳ್ಳೆಯ ಪ್ರೋಟೀನ್ ಇದೆ, ಆದರೆ ಪುಡಿಯನ್ನು ವಸ್ತ್ರಗಾಳಿ ಮಾಡಿ, ಗಂಜಿಯ ಜೊತೆ ಬೇಯಿಸಿಯೇ ಕೊಡಿ.

ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲವೂ ಸಕ್ಕರೆಯೇ. ಕಿಡ್ನಿ ತೊಂದರೆ ಇದ್ದರೆ ಹಾಲಿನ ಪುಡಿ, ಬಾಳೆಹಣ್ಣು, ಎಳನೀರು, ಅಂಗಡಿಯ ಪ್ರೋಟೀನ್ ಪುಡಿ ಯಾವುದನ್ನೂ ಡಾಕ್ಟರನ್ನು ಕೇಳದೆ ಸೇರಿಸಬೇಡಿ. ಹಾಲು ಒಗ್ಗದವರಿಗೆ ಕೆಲವೊಮ್ಮೆ ಮೊಸರು ಒಗ್ಗುತ್ತದೆ.

ಹಂತ 5: ಸೋಸಿ, ಆರಿಸಿ

ಎಲ್ಲವೂ ಸೇರಿದ ಮೇಲೆ ಮಿಕ್ಸಿಯಲ್ಲಿ ತಿರುಗಿಸಿ, ಜರಡಿಯಲ್ಲಿ ಸೋಸಿ. ಜರಡಿಯಲ್ಲಿ ಉಳಿದದ್ದನ್ನು ಬೆರಳಲ್ಲಿ ಮುಟ್ಟಿ ನೋಡಿ. ತರಿ, ನಾರು, ಗಂಟು ಏನಾದರೂ ಕೈಗೆ ಸಿಕ್ಕಿದರೆ ಸೋಸಿದ್ದು ಸಾರ್ಥಕವಾಯಿತು. ಮಿಕ್ಸಿಯ ನೊರೆ ಇಳಿಯುವವರೆಗೆ ಬಿಡಿ, ನೊರೆ ಇದ್ದಾಗ ಅಳೆದರೆ ಇರುವುದಕ್ಕಿಂತ ಮಂದವಾಗಿ ತೋರಿಸುತ್ತದೆ.

ಆರುವಾಗ ಮೇಲೆ ಕಟ್ಟುವ ಕೆನೆಯನ್ನು ಕಲಕಿ ಒಳಗೆ ಸೇರಿಸಬೇಡಿ, ತೆಗೆದುಹಾಕಿ. ಅದು ಅಂಗುಳಿಗೆ, ಗಂಟಲ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ. ಶಕ್ತಿ ಬೇಕು ಅಂತ ಕೆನೆಯನ್ನು ಚಮಚದಲ್ಲಿ ತಿನ್ನಿಸುವವರಿದ್ದಾರೆ, ಅದು ಬೇಡವೇ ಬೇಡ.

ಹಿಟ್ಟಿನ ಗಂಜಿ ಆರಿದಂತೆಲ್ಲ ಮಂದವಾಗುತ್ತದೆ. ಒಲೆಯ ಮೇಲಿದ್ದಾಗ 2 ಅನ್ನಿಸಿದ್ದು ಉಗುರುಬೆಚ್ಚಗಾದಾಗ 3 ಆಗಿರಬಹುದು. ಅದಕ್ಕೆ ಕುಡಿಸುವ ಬಿಸಿಯಲ್ಲೇ ಅಳೆಯಬೇಕು. ಮುಂದಿನ ಹಂತದ ಪ್ರಾಣವೇ ಈ ಮಾತು.

ಹಂತ 6: ಸಿರಿಂಜ್ ಪರೀಕ್ಷೆ

ಸಿರಿಂಜಿನ ಒತ್ತುವ ಕಡ್ಡಿಯನ್ನು ಪೂರ್ತಿ ಹೊರಗೆ ತೆಗೆಯಿರಿ. ಮೂತಿಯನ್ನು ಬೆರಳಲ್ಲಿ ಮುಚ್ಚಿ, ಮೇಲಿನಿಂದ 10 ಮಿಲಿ ಗೆರೆಯವರೆಗೆ ಗಂಜಿ ತುಂಬಿ. ನೇರವಾಗಿ ಹಿಡಿಯಿರಿ. ಬೆರಳು ತೆಗೆದ ಕ್ಷಣ ಟೈಮರ್ ಶುರು. ಸರಿಯಾಗಿ 10 ಸೆಕೆಂಡಿಗೆ ಮತ್ತೆ ಬೆರಳು ಮುಚ್ಚಿ. ಒಳಗೆ ಎಷ್ಟು ಉಳಿದಿದೆ ಎಂದು ಓದಿ.

1 ಮಿಲಿಗಿಂತ ಕಮ್ಮಿ ಉಳಿದರೆ ಮಟ್ಟ 0. 1ರಿಂದ 4 ಮಿಲಿ ಉಳಿದರೆ ಮಟ್ಟ 1. 4ರಿಂದ 8 ಉಳಿದರೆ ಮಟ್ಟ 2. 8ಕ್ಕಿಂತ ಜಾಸ್ತಿ ಉಳಿದು, ಚೂರಾದರೂ ಹರಿದಿದ್ದರೆ ಮಟ್ಟ 3. ಏನೂ ಹರಿಯದೆ ಪೂರ್ತಿ 10 ಹಾಗೇ ನಿಂತರೆ ಮಟ್ಟ 4 ಇರಬಹುದು.

3 ಮತ್ತು 4ನ್ನು ಫೋರ್ಕಿನಲ್ಲೂ ನೋಡಿ. ಫೋರ್ಕಿನ ಮೇಲೆ ಹಾಕಿದಾಗ ಹಲ್ಲುಗಳ ನಡುವಿನಿಂದ ದಪ್ಪ ಹನಿಯಾಗಿ ನಿಧಾನಕ್ಕೆ ಇಳಿದರೆ 3. ಮೇಲೆ ಗುಡ್ಡೆಯಾಗಿ ಕೂತು, ಕೆಳಗೆ ಸಣ್ಣ ಬಾಲದಷ್ಟು ಮಾತ್ರ ಇಳಿದು ಅಲ್ಲೇ ನಿಂತರೆ 4. ಮಟ್ಟ 4ಕ್ಕೆ ಇನ್ನೊಂದು ಪರೀಕ್ಷೆ: ಚಮಚ ಓರೆ ಮಾಡಿ ಮೆಲ್ಲಗೆ ಒದರಿದರೆ ಇಡೀ ಮುದ್ದೆ ಜಾರಿ ಬೀಳಬೇಕು. ಬೀಳದೆ ಚಮಚಕ್ಕೇ ಅಂಟಿಕೊಂಡರೆ ಅದು ಗಂಟಲಿಗೂ ಅಂಟುತ್ತದೆ, ಕೊಡಬೇಡಿ.

ಹರಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಮೂತಿಯಲ್ಲಿ ತರಿ ಸಿಕ್ಕಿದೆ ಎಂದು ಅರ್ಥ. ಅದನ್ನು ಮಟ್ಟ 3 ಎಂದು ಓದಿಬಿಡಬೇಡಿ. ಮತ್ತೆ ಸೋಸಿ, ಸಿರಿಂಜ್ ತೊಳೆದು ಒಣಗಿಸಿ, ಇನ್ನೊಮ್ಮೆ ಮಾಡಿ.

ಒಂದು ಸಲ ಅಳೆದರೆ ಸಾಲದು. ಲೋಟ ಖಾಲಿಯಾಗಲು ನಿಮ್ಮವರಿಗೆ 20 ನಿಮಿಷ ಬೇಕೆಂದರೆ, ಅದೇ ಗಂಜಿಯ ಒಂದು ಪಾಲನ್ನು ಪಕ್ಕದಲ್ಲಿ 20 ನಿಮಿಷ ಇಟ್ಟು ಮತ್ತೆ ಅಳೆಯಿರಿ. ಎರಡು ಸಲವೂ ಅದೇ ಮಟ್ಟ ಬಂದರೆ ಆ ಅಳತೆ ಖಚಿತವಾಯಿತು. ಗ್ರಾಂ, ಮಿಲಿ, ಕುದಿಸಿದ ಸಮಯ ಎಲ್ಲವನ್ನೂ ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ನೀವಿಲ್ಲದ ದಿನ ಬೇರೆಯವರು ಮಾಡಬೇಕಾಗುತ್ತದೆ. ಹಿಟ್ಟಿನ ಹೊಸ ಚೀಲ ಒಡೆದ ದಿನ, ಹಾಲಿನ ಪ್ಯಾಕೆಟ್ಟಿನ ಬಣ್ಣ ಬದಲಾದ ದಿನ ಮತ್ತೆ ಅಳೆಯಿರಿ.

ಹಂತ 7: ಹದ ತಪ್ಪಿದರೆ ಸರಿಪಡಿಸುವುದು

ಜಾಸ್ತಿ ಮಂದವಾದರೆ ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ನೀರು ಬೆರೆಸಿದರೆ ಹಾಕಿದ ಪೋಷಣೆ ತೆಳುವಾಗುತ್ತದೆ. ತೆಳ್ಳಗಾದರೆ ಒಣ ಹಿಟ್ಟು ಉದುರಿಸಬೇಡಿ, ತಣ್ಣೀರಲ್ಲಿ ಕಲಸಿ ಹಾಕಿ ಮತ್ತೆ ಐದಾರು ನಿಮಿಷ ಕುದಿಸಿ. ಹೀಗೆ ಏನು ಸೇರಿಸಿದರೂ ಕುಡಿಸುವ ಮುಂಚೆ ಮತ್ತೆ ಅಳೆಯಿರಿ.

ಜಾಂಥನ್ ಪುಡಿಯಲ್ಲಿ ಮಂದ ಮಾಡಿದ ನೀರು ಅಥವಾ ಕಾಫಿ ತೆಳ್ಳಗಾಯಿತು ಅಂದರೆ ಮೇಲಿಂದ ಮೇಲೆ ಪುಡಿ ಹಾಕಬೇಡಿ, ಗಂಟು ಗಂಟಾಗುತ್ತದೆ. ಇನ್ನೊಂದು ಲೋಟದಲ್ಲಿ ಜಾಸ್ತಿ ಮಂದವಾಗಿ ಮಾಡಿ ಎರಡನ್ನೂ ಬೆರೆಸಿ. ಹಾಲಲ್ಲಿ, ಹಾಲಿರುವ ಕಾಫಿಯಲ್ಲಿ ಈ ಪುಡಿ ನಿಧಾನಕ್ಕೆ ಮಂದವಾಗುತ್ತದೆ. ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಕಾಯಿರಿ. ಅವಸರಪಟ್ಟು ಇನ್ನೊಂದು ಚಮಚ ಹಾಕಿದರೆ ಹತ್ತು ನಿಮಿಷಕ್ಕೆ ಹಲ್ವದ ಹಾಗೆ ನಿಂತುಬಿಡುತ್ತದೆ.

ಈಗ ಜಾಂಥನ್ ಯಾಕೆ ಅನ್ನುವುದು. ನಮ್ಮ ಎಂಜಲಿನಲ್ಲೂ ಅಮೈಲೇಸ್ ಇದೆ. ರಾಗಿ, ಅಕ್ಕಿ, ಜೋಳದ ಹಿಟ್ಟು ಹೀಗೆ ಪಿಷ್ಟದಿಂದ ಮಂದವಾದ ಎಲ್ಲವನ್ನೂ ಅದು ತೆಳ್ಳಗೆ ಮಾಡುತ್ತದೆ. ನಂಬಿಕೆ ಬರದಿದ್ದರೆ ಒಂದು ಬಟ್ಟಲು ಗಂಜಿಗೆ ಬಾಯಲ್ಲಿಟ್ಟ ಚಮಚ ಅದ್ದಿ ಕಲಕಿ, ಪಕ್ಕದಲ್ಲಿ ಎಂಜಲು ತಾಗದ ಇನ್ನೊಂದು ಬಟ್ಟಲು ಇಡಿ. ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ಚಮಚದಿಂದ ಸುರಿದು ನೋಡಿ. ಎಂಜಲು ತಾಗಿದ್ದು ನೀರಾಗಿರುತ್ತದೆ. ಮೊದಲ ಗುಟುಕು ಸಲೀಸಾಗಿ ಹೋಗಿ ಲೋಟದ ಕೊನೆಯಲ್ಲಿ ಕೆಮ್ಮು ಬರುವುದು ಇದಕ್ಕೇ. ಜಾಂಥನ್ ಗಮ್ ಎಂಜಲಿಗೆ ಹೀಗೆ ಕರಗುವುದಿಲ್ಲ.

ಹಾಗಾಗಿ ಹಿಟ್ಟಿನ ಗಂಜಿಯನ್ನು ದೊಡ್ಡ ಲೋಟದಲ್ಲಿಟ್ಟು ಅದರಿಂದಲೇ ಕುಡಿಸಬೇಡಿ. ಸಣ್ಣ ಬಟ್ಟಲಿಗೆ ಐದಾರು ಚಮಚದಷ್ಟು ಹಾಕಿಕೊಂಡು ಕೊಡಿ, ಮುಗಿದ ಮೇಲೆ ಬೇರೆ ಚಮಚದಿಂದ ಮತ್ತೆ ಹಾಕಿಕೊಳ್ಳಿ. ಎಂಜಲು ತಾಗಿ ಉಳಿದದ್ದನ್ನು ಎತ್ತಿಡಬೇಡಿ. ಎಂಜಲಾಗದ ಗಂಜಿಯನ್ನೂ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಫ್ರಿಜ್ಜಿನಲ್ಲಿಟ್ಟದ್ದನ್ನು ಚೆನ್ನಾಗಿ ಕಾಯಿಸಿ, ಕಲಕಿ, ಮತ್ತೆ ಅಳೆದೇ ಕೊಡಬೇಕು.

ಹಂತ 8: ನೀರು, ಮಜ್ಜಿಗೆ, ಹಣ್ಣಿನ ರಸ

ಗಂಜಿ ಮಂದ ಮಾಡಿ, ಆಮೇಲೆ "ಬಾಯಾರಿಕೆ ಆಗಿರುತ್ತೆ ಪಾಪ" ಎಂದು ಒಂದು ಲೋಟ ಸಾದಾ ನೀರು ಕೊಡುವವರಿದ್ದಾರೆ. ಮಾಡಿದ್ದೆಲ್ಲ ಅಲ್ಲಿಗೆ ವ್ಯರ್ಥ. ನೀರೂ ಹೇಳಿದ ಮಟ್ಟಕ್ಕೇ ಮಂದವಾಗಬೇಕು, ವಾಕ್ ಚಿಕಿತ್ಸಕರು ಬೇರೆ ಹೇಳದಿದ್ದರೆ.

ಐಸ್‌ಕ್ರೀಮ್, ಜೆಲ್ಲಿ, ಐಸ್ ತುಂಡು ಗಟ್ಟಿಯಾಗಿ ಕಂಡರೂ ಬಾಯಲ್ಲಿ ಕರಗಿ ನೀರಾಗುತ್ತವೆ. ಮೊಸರನ್ನು ಕಡೆದು ಸೋಸಿ ಕೊಡಿ, ಇಟ್ಟ ಮೊಸರಿನ ಮೇಲೆ ನಿಲ್ಲುವ ನೀರನ್ನು ಬಗ್ಗಿಸಿ ತೆಗೆಯಿರಿ. ಸಬ್ಬಕ್ಕಿ ಪಾಯಸ, ಹಾಲಲ್ಲಿ ಹಾಕಿದ ಅವಲಕ್ಕಿ, ತಿಳಿಸಾರು ಅನ್ನ ಇವುಗಳಲ್ಲಿ ತೆಳ್ಳಗಿನದು ಒಂದು, ಕಾಳು ಇನ್ನೊಂದು. ಬಾಯಲ್ಲಿ ಅಗಿಯುತ್ತಿರುವಾಗಲೇ ತೆಳ್ಳಗಿನದು ಗಂಟಲಿಗೆ ಓಡಿಬಿಡುತ್ತದೆ. ಹಣ್ಣಿನ ರಸವನ್ನು ಸೋಸಿ ಜಾಂಥನ್ ಹಾಕಿ, ಅಥವಾ ಮಾಗಿದ ಪಪ್ಪಾಯಿ, ಮಾವು ಅರೆದು ಸೋಸಿ.

ಮಂದ ಪಾನೀಯ ಕುಡಿಯುವವರು ಒಟ್ಟಾರೆ ಕಮ್ಮಿ ಕುಡಿಯುತ್ತಾರೆ. ಬೇಗ ಸಾಕು ಅನ್ನಿಸುತ್ತದೆ, ರುಚಿಯೂ ಹಿಡಿಸುವುದಿಲ್ಲ. ಮೂತ್ರ ಗಾಢ ಹಳದಿಯಾಗಿದೆಯಾ, ನಾಲಿಗೆ ಒಣಗಿದೆಯಾ, ಇದ್ದಕ್ಕಿದ್ದಂತೆ ಗೊಂದಲದಲ್ಲಿ ಮಾತಾಡುತ್ತಾರಾ ಎಂದು ದಿನಾ ನೋಡಿ. ಕುಡಿದದ್ದನ್ನು ಮಿಲಿಯಲ್ಲಿ ಬರೆದಿಡಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನು ಮೀರಬೇಡಿ.

ಹಂತ 9: ಕುಡಿಸುವುದು

ಮೊದಲು ಬಾಯಿ ಸ್ವಚ್ಛ ಮಾಡಿ. ದಿನಕ್ಕೆರಡು ಸಲ ಹಲ್ಲು, ನಾಲಿಗೆ ಉಜ್ಜಿಸಿ, ಹಲ್ಲಿನ ಸೆಟ್ಟನ್ನು ತೆಗೆದು ತೊಳೆಯಿರಿ. ಬಾಯಲ್ಲಿರುವ ಬ್ಯಾಕ್ಟೀರಿಯ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಬರುತ್ತದೆ.

ನೆಟ್ಟಗೆ ಕೂರಿಸಿ. ಬೆನ್ನಿಗೆ ದಿಂಬು, ಪಾದ ನೆಲಕ್ಕೆ ಅಥವಾ ಮಣೆಗೆ ತಾಗಿರಲಿ. ನಿದ್ದೆಗಣ್ಣಲ್ಲಿದ್ದರೆ ಎಬ್ಬಿಸಿ ಕುಡಿಸಬೇಡಿ, ಪೂರ್ತಿ ಎಚ್ಚರವಾಗುವವರೆಗೆ ಕಾಯಿರಿ.

ಲೋಟ ಎತ್ತಿ ಕುಡಿಯುವ ಅಭ್ಯಾಸ ನಮ್ಮ ಹಿರಿಯರಿಗೆ ಮೈಗೂಡಿರುತ್ತದೆ. ತುಟಿ ತಾಗಿಸದೆ, ತಲೆ ಹಿಂದಕ್ಕೆ ಎಸೆದು, ಮೇಲಿಂದ ಸುರಿದುಕೊಳ್ಳುವುದು. ನುಂಗುವ ತೊಂದರೆ ಇರುವವರಿಗೆ ಇದಕ್ಕಿಂತ ಅಪಾಯದ ಭಂಗಿ ಇನ್ನೊಂದಿಲ್ಲ: ತಲೆ ಹಿಂದೆ ಹೋದಾಗ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ, ಪಾನೀಯ ತಡೆಯಿಲ್ಲದೆ ಸುರಿಯುತ್ತದೆ. ಮಡಿ-ಮೈಲಿಗೆ ಎಂದು ಅಜ್ಜ ಹಟ ಮಾಡಿದರೆ ಅವರದೇ ಆದ ಒಂದು ಲೋಟ, ಅವರದೇ ಒಂದು ಚಮಚ ಬೇರೆ ಇಡಿ, ಯಾರೂ ಮುಟ್ಟುವುದಿಲ್ಲ ಎಂದು ಹೇಳಿ ತುಟಿ ತಾಗಿಸಿ ಕುಡಿಯಲು ಒಪ್ಪಿಸಿ. ಲೋಟದ ತಳದಲ್ಲಿ ಉಳಿದದ್ದಕ್ಕೂ ತಲೆ ಎತ್ತಬೇಕಾಗುತ್ತದೆ, ಅದನ್ನು ಬಿಟ್ಟುಬಿಡಿ ಅಥವಾ ಅಗಲ ಬಾಯಿಯ ಲೋಟ ಕೊಡಿ. ಸ್ಟ್ರಾ ಹಾಕುವುದು, ಗದ್ದ ಕೆಳಗೆ ಮಾಡಿಸಿ ನುಂಗಿಸುವುದು ಎಲ್ಲರಿಗೂ ಹೊಂದುವುದಿಲ್ಲ, ನಿಮ್ಮವರಿಗೆ ಹೇಳಿದ್ದರೆ ಮಾತ್ರ ಮಾಡಿ.

ಕುಡಿಸುವವರು ಎದುರಿಗೆ ಅದೇ ಎತ್ತರದಲ್ಲಿ ಕೂರಬೇಕು. ನಿಂತುಕೊಂಡು ಕೊಟ್ಟರೆ ಅವರು ತಲೆ ಎತ್ತುತ್ತಾರೆ. ಟೀ ಚಮಚದಷ್ಟೇ ಒಂದು ಸಲಕ್ಕೆ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನೋಡಿದ ಮೇಲೆ ಇನ್ನೊಂದು. ಆ ಹೊತ್ತಲ್ಲಿ ಟಿವಿ ಆರಿಸಿ, ಮಾತಾಡಿಸಬೇಡಿ. ಮುಗಿದ ಮೇಲೆ ಬಾಯಿ ತೆರೆಸಿ, ಕೆನ್ನೆಯ ಸಂದಿಯಲ್ಲಿ ಉಳಿದಿದೆಯಾ ನೋಡಿ. ಲಕ್ವ ಆದ ಕಡೆಯ ಕೆನ್ನೆಯಲ್ಲಿ ಉಳಿದದ್ದು ಅವರಿಗೇ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಹಾಗೇ ಕೂರಿಸಿ, ಆಮೇಲೆ ಮಲಗಿಸಿ.

ಹಂತ 10: ಮಾತ್ರೆಗಳ ವಿಷಯ

ಮಾತ್ರೆ ಪುಡಿ ಮಾಡಿ ಗಂಜಿಗೆ ಬೆರೆಸುವ ಮುಂಚೆ ಔಷಧಿ ಅಂಗಡಿಯವರನ್ನು ಕೇಳಿ. ಹೆಸರಿನ ಜೊತೆ ಎಸ್ಆರ್, ಇಆರ್, ಎಕ್ಸ್ಆರ್, ಸಿಆರ್ ಎಂದಿರುವ ಮಾತ್ರೆಗಳು ನಿಧಾನಕ್ಕೆ ಕೆಲಸ ಮಾಡಲೆಂದು ತಯಾರಾದವು, ಪುಡಿ ಮಾಡಿದರೆ ದಿನದ ಔಷಧಿಯೆಲ್ಲ ಒಮ್ಮೆಗೇ ಮೈಗೆ ಹೋಗುತ್ತದೆ. ಪಾರ್ಕಿನ್‌ಸನ್‌ಗೆ ಕೊಡುವ ಲೆವೊಡೋಪ ಪ್ರೋಟೀನ್ ಜಾಸ್ತಿ ಇರುವ ಪಾನೀಯದ ಜೊತೆ ಹೋದರೆ ಸರಿಯಾಗಿ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ ಕೊಡಲು ಹೇಳುತ್ತಾರೆ, ನಿಮ್ಮ ಡಾಕ್ಟರ ಹತ್ತಿರ ಸಮಯ ಕೇಳಿಕೊಳ್ಳಿ. ಥೈರಾಯ್ಡ್ ಮಾತ್ರೆ ಹಾಲು-ರಾಗಿಯ ಜೊತೆ ಬೇಡ.

ಮಲಬದ್ಧತೆಗೆ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯ ಬಗ್ಗೆ ಹುಷಾರು. ಪಿಷ್ಟದ ಪುಡಿಯಿಂದ ಮಂದ ಮಾಡಿದ ನೀರಿಗೆ ಇದನ್ನು ಹಾಕಿದರೆ ನೀರು ಮತ್ತೆ ತೆಳ್ಳಗಾಗುತ್ತದೆ. ಈ ಪುಡಿ ಕೊಡುತ್ತಿದ್ದೇವೆ ಎಂದು ವಾಕ್ ಚಿಕಿತ್ಸಕರಿಗೂ ಡಾಕ್ಟರಿಗೂ ತಿಳಿಸಿ.

ಹಂತ 11: ಎಚ್ಚರಿಕೆಯ ಲಕ್ಷಣಗಳು

ಕುಡಿದ ಮೇಲೆ "ಆ" ಅನ್ನಿಸಿ ಕೇಳಿ. ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ದನಿ ಬಂದರೆ ಪಾನೀಯ ಅಲ್ಲೇ ಉಳಿದಿದೆ. ಕಣ್ಣಲ್ಲಿ ನೀರು, ಮೂಗಿಂದ ಬರುವುದು, ಉಸಿರು ಜೋರಾಗುವುದು, ಒಂದು ಗುಟುಕಿಗೆ ಮೂರು ನಾಲ್ಕು ಸಲ ನುಂಗುವುದು ಇವೆಲ್ಲ ನಿಲ್ಲಿಸಬೇಕಾದ ಸೂಚನೆ. ನಿಲ್ಲಿಸಿ, ಗಂಜಿ ಅಳೆಯಿರಿ. ಹದ ಸರಿಯಿದ್ದೂ ಹೀಗಾಗುತ್ತಿದ್ದರೆ ನುಂಗುವ ಶಕ್ತಿ ಬದಲಾಗಿದೆ, ಮಟ್ಟವನ್ನು ನೀವೇ ಏರಿಸದೆ ಮತ್ತೆ ಪರೀಕ್ಷೆ ಮಾಡಿಸಿ.

ಸಂಜೆಯ ಜ್ವರ, ಹೊಸ ಕಫ, ಎದೆಯಲ್ಲಿ ಶಬ್ದ, ವರ್ಷದಲ್ಲಿ ಎರಡನೇ ಸಲ ನ್ಯುಮೋನಿಯ ಇವುಗಳಿಗೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ತೂಕವನ್ನು ವಾರಕ್ಕೊಮ್ಮೆ ಒಂದೇ ಹೊತ್ತಿಗೆ ನೋಡಿ ಬರೆಯಿರಿ. ಇಳಿಯುತ್ತಿದ್ದರೆ ಲೋಟಗಳ ಸಂಖ್ಯೆ ಜಾಸ್ತಿ ಮಾಡುವ ಮುಂಚೆ 4ನೇ ಹಂತಕ್ಕೆ ಹೋಗಿ ಲೋಟದೊಳಗೆ ಏನಿದೆ ಎಂದು ಲೆಕ್ಕ ಹಾಕಿ.

ನೆತ್ತಿಗೆ ಹತ್ತಿದಾಗ ತಲೆ ತಟ್ಟಿ ನೀರು ಕುಡಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದು. ಇವರಿಗೆ ಆ ನೀರೇ ಕುತ್ತು. ಕೆಮ್ಮುತ್ತಿದ್ದರೆ ಮುಂದಕ್ಕೆ ಬಾಗಿಸಿ, ಕೆಮ್ಮಲು ಬಿಡಿ, ಏನೂ ಕೊಡಬೇಡಿ. ಕೆಮ್ಮಲೂ ಆಗದೆ, ದನಿ ಹೊರಡದೆ, ತುಟಿ ನೀಲಿಯಾಗುತ್ತಿದ್ದರೆ ಒಬ್ಬರು ತಕ್ಷಣ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲೆ ಎರಡು ಭುಜದ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಆಗದಿದ್ದರೆ ಹಿಂದೆ ನಿಂತು ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಹಿಡಿದು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ, ಉಸಿರು ಬಿಡುಗಡೆಯಾಗುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರು ಮಾಡಿ, ಫೋನಿನಲ್ಲಿರುವವರು ಹೇಳಿದಂತೆ ಆಂಬ್ಯುಲೆನ್ಸ್ ಬರುವವರೆಗೆ ಮುಂದುವರಿಸಿ.